ಕುಷ್ಟಗಿಯಲ್ಲೊಬ್ಬ ಇಂಡಿಯಾ ಪ್ಲೇಯರ್

ಶೇಖರಪ್ಪ ಕಾಕಾನ ಪ್ಯಾಂಟು ಹೊಲಿಯುವುದೆಂದರೆ ನನಗೆ ಪ್ರತಿ ಸಲವೂ ಪೇಚಾಟ. ಬೇರೆಯವರಿಗೆ ಧಾರಾಳವಾಗುವ ಬಟ್ಟೆ ಅವರ ಮೀನಖಂಡಕ್ಕೇ ಮುಗಿದುಹೋಗುತ್ತಿತ್ತು. ಕುಷ್ಟಗಿಯ ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಅವರು ಬಗ್ಗಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು.

ಹರೆಯದಲ್ಲಿ ಅವರು ಭಾರತದ ಪುರುಷರ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದವರು. ಚೀನಾ, ಜಪಾನ್, ಕೊರಿಯಾದವರ ಎದುರು ಆಡಿ, ಬಹಳಷ್ಟು ಸಲ ಸೋತು ಬಂದವರು. ನೌಕರಿ ಮುಗಿದು, ಹೆಂಡತಿಯೂ ತೀರಿಕೊಂಡ ಮೇಲೆ ಊರಿಗೆ ಮರಳಿದ್ದರು. ಊರಿಗೆ ಗೊತ್ತಿದ್ದುದು ಕ್ರಿಕೆಟ್ ಮತ್ತು ಕಬಡ್ಡಿ.

ಒಮ್ಮೆ ಒಂದು ಕ್ರೀಡಾಕೂಟಕ್ಕೆ ಕರೆದು, “ಭಾರತ ವಾಲಿಬಾಲ್ ತಂಡದ ಹಿರಿಯ ಆಟಗಾರರು” ಎಂದು ಮೈಕಿನಲ್ಲಿ ಕೂಗಿದರು. ಕಾಕಾ ಸುಮ್ಮನೆ ಮಂಡಿ ಬಗ್ಗಿಸಿ ಹಾರ ಹಾಕಿಸಿಕೊಂಡರು.

“ಅಲ್ರಿ ಕಾಕಾ, ಹೇಳಬೇಕಿಲ್ಲೇನ್ರಿ?” ಎಂದೆ, ಬರುವಾಗ.

“ಇರ್ಲಿ ಬಿಡವಾ, ಚಂಡಿನ ಆಟ ಅಂತಾದ್ರೂ ಅಂದ್ರಲ್ಲ,” ಎಂದು ನಕ್ಕರು.

ಭಾರತದ ಬಾಸ್ಕೆಟ್‌ಬಾಲ್ ಪಂದ್ಯವಿದ್ದ ದಿನ ಫೋನು ಹಿಡಿದು ಅಂಗಡಿಗೇ ಬರುತ್ತಿದ್ದರು. “ಮಷೀನ್ ತುಳಕೊಂತ ನೋಡವಾ. ಒಬ್ಬನೇ ನೋಡಿದ್ರ ನೋಡಿದಂಗ ಆಗಂಗಿಲ್ಲ.” ಹಾಗೆ ನಾನು ಫೌಲು, ರಿಬೌಂಡು ಕಲಿತೆ. ನಮ್ಮವರು ಸರಿಸಮ ಆಡಿ ಕೊನೆಗೆ ಕುಸಿಯುವುದನ್ನೂ ನೋಡಿದೆ. “ನಮ್ಮ ಕಾಲಕ್ಕೂ ಹಿಂಗ ಆಗ್ತಿತ್ತು. ಮನಸ್ ಓಡ್ತಿತ್ತು, ಕಾಲು ಓಡ್ತಿದ್ದಿಲ್ಲ,” ಎನ್ನುತ್ತಿದ್ದರು.

ಹೋದ ವರ್ಷ ಅವರನ್ನು ಕೊಪ್ಪಳದ ಆಸ್ಪತ್ರೆಗೆ ಸೇರಿಸಿದರು. ಅಂದೇ ಪಂದ್ಯವಿತ್ತು, ಬಸ್ಸಿನಲ್ಲಿ ನೋಡುತ್ತಲೇ ಹೋದೆ.

“ಗೆದ್ರೇನವಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸೋತ್ರು ರೀ ಕಾಕಾ. ಆರು ಪಾಯಿಂಟಿನಾಗ.”

“ಆರ?” ಮುಖ ಅರಳಿತು. “ಹಂಗಾರ ಭಾಳ ಛಲೋ ಆಡ್ಯಾರ. ಕಡೀಕ ಏನಾತು, ಹೇಳು.”

ಯಾರು ಪಾಸು ಕೊಟ್ಟ, ಯಾರ ಕೈಯಿಂದ ಚೆಂಡು ಜಾರಿತು, ನೆನಪಿದ್ದಷ್ಟನ್ನೂ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊದಿಕೆಯ ಮೇಲೆ ಬೆರಳು ಆಡುತ್ತಿದ್ದವು.

“ಮುಂದ?” ಎಂದರು.

ಆಟ ಅಲ್ಲಿಗೇ ಮುಗಿದಿತ್ತು. “ನಮ್ಮ ಹುಡುಗರು ಹೋಗಿ ಅವರ ಕೈ ಕುಲುಕಿದ್ರು ರೀ,” ಎಂದೆ.

“ಕುಲುಕಬೇಕವಾ,” ಎಂದರು.

ಆ ವಾರವೇ ಕಾಕಾ ಹೋದರು. ಮುಂದಿನ ಪಂದ್ಯದ ದಿನ ಫೋನನ್ನು ಮಷೀನಿಗೆ ಒರಗಿಸಿಟ್ಟು ಒಬ್ಬಳೇ ಕುಳಿತೆ. ಅಂದು ಭಾರತ ಗೆದ್ದಿತು. ಜಂಪರ ಹೊಲಿಯಲು ಕೊಡಲೆಂದು ಬಂದ ಹೆಂಗಸು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತಳು.

“ಯಾಕಕ್ಕಾ, ಅಳಾಕತ್ತೀಯಲ್ಲ?”

“ಗೆದ್ವಿ,” ಎಂದೆ.