ಮೂಲೆ ಹರಿದ ಲಕೋಟೆ

ನಮ್ಮೂರ ಕಡೆ ಸಾವಿನ ಸುದ್ದಿ ಬರೆದ ಕಾಗದದ ಒಂದು ಮೂಲೆಯನ್ನು ಹರಿದು ಅಂಚೆಗೆ ಹಾಕುತ್ತಿದ್ದರು. ಒಳ್ಳೆಯ ಸುದ್ದಿಯಾದರೆ ನಾಲ್ಕೂ ಮೂಲೆಗೆ ಅರಿಷಿಣ. ಅಣ್ಣಿಗೇರಿಯಿಂದ ಸೈಕಲ್ ಮೇಲೆ ಬರುತ್ತಿದ್ದ ಪೋಸ್ಟಿನವನು ಮೂಲೆ ಹರಿದ ಕಾಗದವನ್ನು ಹೊಸ್ತಿಲ ಒಳಗೆ ಕೊಡುತ್ತಿರಲಿಲ್ಲ. ಬೀದಿಯಲ್ಲೇ ನಿಂತು ಅಪ್ಪನನ್ನು ಕರೆಯುತ್ತಿದ್ದ. ಅಪ್ಪ ಬೇವಿನ ಗಿಡದ ಕೆಳಗೆ ನಿಂತು ಓದಿ, ಅಲ್ಲೇ ಚೂರುಚೂರು ಮಾಡಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು ಆಮೇಲೆ ಒಳಗೆ ಬರುತ್ತಿದ್ದ. ಅಕ್ಷರ ಕಲಿಯುವ ಮೊದಲೇ ನಾನು ಕಾಗದದ ಮೂಲೆ ನೋಡಲು ಕಲಿತಿದ್ದೆ. ಧಾರವಾಡದಲ್ಲಿ ಪಡೆದ ಕೃಷಿ ಪದವಿಗಿಂತ ಆ ವಿದ್ಯೆಯೇ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತೆಂದು ಗೊತ್ತಾದದ್ದು ಖಾರ್ಕೋವ್ ಎಂಬ ಸೋವಿಯತ್ ಊರಿನಲ್ಲಿ, ಎಂಬತ್ತರ ದಶಕದ ಒಂದು ಜನವರಿಯಲ್ಲಿ.

ಮಣ್ಣಿನ ಶಾಸ್ತ್ರ ಓದಲು ವಿದ್ಯಾರ್ಥಿವೇತನ ಸಿಕ್ಕು ಅಲ್ಲಿಗೆ ಹೋಗಿದ್ದೆ. ಸುದ್ದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು.

"ಅಲ್ಲೂ ಎರಿ ಹೊಲಾ ಅದಾವೇನು?"

"ಅದಾವಂತ. ನಮ್ಮಕಿಂತ ಕರ್ರಗ ಅದಾವಂತ."

"ಹಂಗಾರ ಹೋಗು. ಮಣ್ಣು ಕರ್ರಗಿದ್ದಲ್ಲಿ ಮಂದಿ ಉಪವಾಸ ಕೆಡವೂದಿಲ್ಲ."

ಅಪ್ಪನ ದನಿಯ ಬಗ್ಗೆ ಹೇಳಲೇಬೇಕು. ರಾಶಿಯ ಕಾಲಕ್ಕೆ ಕಣದಲ್ಲಿ ಎತ್ತು ತಿರುಗಿಸುತ್ತ ಹಂತಿ ಹಾಡು ಹೇಳುವಾಗ ಮುಂದಾಳು ಅವನೇ. ಎರಡು ಹೊಲದಾಚೆಯಿಂದ "ತಮ್ಮಾ" ಎಂದು ನನ್ನನ್ನು ಕೂಗಿದರೆ ಪಕ್ಕದ ಹೊಲದವರೂ ತಲೆ ಎತ್ತುತ್ತಿದ್ದರು. ನಾನು ಹೊರಡುವ ವೇಳೆಗೆ ಆ ದನಿ ಒಡೆದಿತ್ತು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕೇಳಿದರೆ, "ಕಣದ ಧೂಳು ಕುಡದೇನಿ, ಹೋಗತೈತಿ ಬಿಡು," ಎಂದು ಅಡ್ಡ ಮಾತಾಡಿದ್ದ. ಒಂದೂವರೆ ವರ್ಷ ಕಳೆದರೂ ಅದು ಹೋಗಿರಲಿಲ್ಲ. ಅವ್ವ ಅವನ ಕೈಯಿಂದಲೇ ಬರೆಸುತ್ತಿದ್ದ ಪತ್ರಗಳಲ್ಲಿ, "ನಿಮ್ಮಪ್ಪನ ದನಿ ಇನ್ನೂ ಬಿದ್ದೈತಿ" ಎಂಬ ಸಾಲು ತಪ್ಪದೆ ಇರುತ್ತಿತ್ತು. ತನ್ನ ವಿರುದ್ಧದ ಆ ಚಾಡಿಯನ್ನು ಅವನು ತಾನೇ ಬರೆಯುತ್ತಿದ್ದ.

ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಒಬ್ಬ ಮುದುಕಿ ಟೆಲಿಫೋನ್ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಬೀಗದ ಕೈ ಕಾಯುವುದು, ಟಪಾಲು ಗೂಡಿನಲ್ಲಿ ಇಡುವುದು, ಟೋಪಿ ಇಲ್ಲದೆ ಹೊರಗೆ ಹೊರಟವರನ್ನು ಬೈಯುವುದು, ನಮ್ಮ ದೇಶದ ಅಂಚೆಚೀಟಿ ಕೇಳುವುದು, ಇಷ್ಟು ಅವಳ ಕೆಲಸ. ಇಡೀ ನಾಲ್ಕು ಅಂತಸ್ತಿಗೆ ಇದ್ದದ್ದು ಆ ಒಂದೇ ಫೋನು. ಅದರ ನಂಬರನ್ನು, ಇರಲಿ ಎಂದು, ಊರಿಗೆ ಬರೆದು ಕಳಿಸಿದ್ದೆ.

ಆ ಮಂಗಳವಾರ ಸಂಜೆ ಗ್ರಂಥಾಲಯದಿಂದ ಬಂದಾಗ ಮುದುಕಿಯ ಪಾಳಿ ಮುಗಿದಿತ್ತು. ಮಬ್ಬು ಹಳದಿ ದೀಪದ ಕೆಳಗೆ ಗೂಡಿನಲ್ಲಿ ಒಂದು ಲಕೋಟೆ ಇತ್ತು. ಎತ್ತಿಕೊಂಡೆ. ಮೇಲಿನ ಬಲಗಡೆಯ ಮೂಲೆ ಹರಿದಿತ್ತು.

ವಿಳಾಸದ ಅಕ್ಷರ ನೋಡಿದೆ. ಅಪ್ಪನದಲ್ಲ. ರಷ್ಯನ್ ಅಕ್ಷರಗಳನ್ನು ರಂಗೋಲಿ ಹಾಕಿದಂತೆ ಒಂದೊಂದಾಗಿ ಬಿಡಿಸಿ ವಿಳಾಸ ಬರೆಯುತ್ತಿದ್ದವನು ಅಪ್ಪ ಒಬ್ಬನೇ. ಇದು ಓಣಿಯ ದರ್ಜಿ ಕಾಕಾನ ಕೈ. ಉರ್ದು ಬರೆದು ರೂಢಿಯಾದ ಅವರ ಅಕ್ಷರ ಎಡಕ್ಕೆ ವಾಲುತ್ತಿತ್ತು. ಅಪ್ಪ ಬರೆಯಲಿಲ್ಲ, ಕಾಕಾ ಬರೆದರು, ಮೂಲೆ ಹರಿದಿದೆ. ಇದಕ್ಕಿಂತ ಹೆಚ್ಚಿಗೆ ಇನ್ನೇನು ಬೇಕು?

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೌಖಿಕ ಪರೀಕ್ಷೆ. ಅದರಲ್ಲಿ ನಪಾಸಾದರೆ ವಿದ್ಯಾರ್ಥಿವೇತನ ನಿಂತು ಊರಿನ ದಾರಿ ಹಿಡಿಯಬೇಕಾಗಿತ್ತು. ಈಗ ಒಡೆದು ಓದಿದರೆ ನಾಳೆ ಬಾಯಿ ಬಿಡಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ನಿಜವೆಂದರೆ ಓದುವ ತನಕವಾದರೂ ಅಪ್ಪ ಬದುಕಿರಲಿ ಎಂದು ಆಸೆಯಾಗುತ್ತಿತ್ತು. ಅಂಥ ಕಾಗದವನ್ನು ಒಳಗೆ ಇಟ್ಟುಕೊಳ್ಳಲೂ ಮನಸ್ಸು ಬರಲಿಲ್ಲ. ಅಲ್ಲಿಯ ಕಿಟಕಿಗಳಿಗೆ ಎರಡೆರಡು ಗಾಜು; ನಡುವಿನ ಸಂದಿಯಲ್ಲಿ ಹುಡುಗರು ಬೆಣ್ಣೆ ಇಡುತ್ತಿದ್ದರು. ಲಕೋಟೆಯನ್ನು ಸರಿಯಾಗಿ ನೋಡದೆ, ತುದಿಬೆರಳಿನಿಂದ ಹಿಡಿದು, ಆ ಸಂದಿಯಲ್ಲಿ ಬೋರಲು ಇಟ್ಟೆ. ಹಿಮದ ದೇಶದಲ್ಲಿ ನಿಂತುಕೊಂಡು ಸೂತಕಕ್ಕೆ ಜಾಗ ಹುಡುಕುತ್ತಿದ್ದ ನನ್ನನ್ನು ಕಂಡು ಕೋಣೆಯ ಜೊತೆಗಾರನಿಗೆ ಏನನ್ನಿಸಿತೋ ಕಾಣೆ.

ಪರೀಕ್ಷೆಯಲ್ಲಿ ಮೇಜಿನ ಮೇಲೆ ಬೋರಲು ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು. ನನಗೆ ಬಂದದ್ದು ಬಿರುಕು ಬಿಡುವ ಕಪ್ಪು ಮಣ್ಣು. ಪುಸ್ತಕದ್ದೆಲ್ಲ ಮರೆತುಹೋಗಿತ್ತು. ಬೇಸಿಗೆಯಲ್ಲಿ ನಮ್ಮ ಹೊಲ ಬಾಯಿ ಬಿಟ್ಟರೆ ಎತ್ತಿನ ಕಾಲು ಸಿಕ್ಕಿಕೊಳ್ಳುವುದು, ಮೊದಲ ಮಳೆಗೆ ಆ ಬಿರುಕು ಮುಚ್ಚಿದ ಮೇಲೇ ಕುಂಟೆ ಹೊಡೆಯಬೇಕೆಂದು ಅಪ್ಪ ತಡೆಯುತ್ತಿದ್ದುದು, ಅಂಗೈಯಲ್ಲಿ ಮಣ್ಣು ಹಿಚುಕಿ ಹದ ಹೇಳುತ್ತಿದ್ದುದು, ಇದನ್ನೇ ನನ್ನ ಹರಕು ರಷ್ಯನ್‌ನಲ್ಲಿ ಒದರಿದೆ. ಪ್ರಾಧ್ಯಾಪಕರು ತಡೆಯಲಿಲ್ಲ. ಮೆಚ್ಚಿಕೊಂಡು ತಲೆಯಾಡಿಸಿ ಒಳ್ಳೆಯ ಅಂಕ ಬರೆದರು. ನಾನು ಅದನ್ನು ತೆಗೆದುಕೊಂಡು ಹೊರಬಂದು, ಮೆಟ್ಟಿಲ ಮೇಲೆ ಕೂತು ಅತ್ತೆ.

ಹಾಸ್ಟೆಲಿಗೆ ಬಂದಾಗ ಹನ್ನೆರಡು. ಇನ್ನು ಓದದೆ ಬೇರೆ ದಾರಿ ಇರಲಿಲ್ಲ. ಆದರೆ ಸೂರಿನ ಕೆಳಗೆ ಓದುವಂತಿರಲಿಲ್ಲ. ಲಕೋಟೆಯನ್ನು ಹಾಗೇ ಓವರ್‌ಕೋಟಿನ ಜೇಬಿಗೆ ಇಳಿಸಿ ಕೆಳಗೆ ಬಂದೆ. ಮುದುಕಿ ಪಾಳಿಗೆ ಬಂದಿದ್ದಳು. ನನ್ನನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದು ಏನೋ ಹೇಳಲು ಬಂದಳು. ಟೋಪಿಯ ವಿಷಯ ಇರಬೇಕೆಂದು ನಾನು ನಿಲ್ಲಲೇ ಇಲ್ಲ.

ಹದಿನೈದು ನಿಮಿಷ ನಡೆದರೆ ಒಂದು ಉದ್ಯಾನ. ಹತ್ತಿರದಲ್ಲೇ ಎಲ್ಲಾದರೂ ನಿಂತು ಓದಬಹುದಿತ್ತು, ಆದರೆ ನನಗೆ ಒಂದು ಗಿಡ ಬೇಕಾಗಿತ್ತು. ಎಲೆ ಉದುರಿ ಬೋಳಾದ ಒಂದು ಮರದ ಕೆಳಗೆ ನಿಂತೆ. ಕೂತೆ. ಮತ್ತೆ ಎದ್ದೆ. ಮುಖ ಮರಗಟ್ಟುವ ಚಳಿಯಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೀಗೇ ಕಳೆದು, ಕೊನೆಗೆ ಕಣ್ಣು ಮುಚ್ಚಿ ಲಕೋಟೆ ಹೊರತೆಗೆದೆ.

ಉಳಿದ ಮೂರು ಮೂಲೆಗಳಲ್ಲಿ ಅರಿಷಿಣ ಇತ್ತು.

ಅವ್ವನ ಬೆರಳಿನ ಗುರುತು ಸಮೇತ ಇತ್ತು. ನಾಲ್ಕನೆಯ ಮೂಲೆಯಲ್ಲಿ ಇದ್ದದ್ದು ಅಂಚೆಚೀಟಿ. ನೀರಲ್ಲಿ ನೆನೆಹಾಕಿ ಬಿಡಿಸಿಕೊಳ್ಳಲು ಮುದುಕಿ ಅದನ್ನು ಕಾಗದದ ಸಮೇತ ಹರಿದುಕೊಂಡಿದ್ದಳು. ಪ್ರತಿ ಸಲ ನಾನೇ ಕತ್ತರಿಸಿ ಕೊಡುತ್ತಿದ್ದೆ. ಈ ಸಲ ಅವಳಿಗೆ ತಡೆಯಲಾಗಿರಲಿಲ್ಲ. ಮರದ ಕೆಳಗೆ ನಿಂತು ಹುಚ್ಚನಂತೆ ನಕ್ಕೆ. ನಗುತ್ತಲೇ ಕಾಗದ ಬಿಡಿಸಿದೆ.

"ತಮ್ಮಾ, ಗಾಬರಿ ಆಗಬ್ಯಾಡ," ಎಂದು ಕಾಕಾ ಶುರುಮಾಡಿದ್ದರು. "ನನ್ನ ಅಕ್ಷರ ನೋಡಿ ನೀ ಅಂಜಬಾರದಂತ ನಿಮ್ಮವ್ವ ಅರಿಷಿಣ ಹಚ್ಯಾಳ. ನಿಮ್ಮಪ್ಪ ಹುಬ್ಬಳ್ಳಿ ದವಾಖಾನಿಯೊಳಗ ಅದಾನ. ಗಂಟಲಾಗ ಗಂಟು ಆಗೇತಿ. ಗುರುವಾರ ಆಪರೇಶನ್. ಜೀವಕ್ಕ ಏನೂ ಆಗೂದಿಲ್ಲ, ಆದ್ರ ಇನ್ನ ಮ್ಯಾಲೆ ದನಿ ಬರೂದಿಲ್ಲಂತ ಡಾಕ್ಟರು ಹೇಳ್ಯಾರ. ಅದಕ್ಕ ಹಿಂದಿನ ದಿನ ಬುಧವಾರ ಮಧ್ಯಾಹ್ನ ಮೂರೂವರಿಗಿ ಹುಬ್ಬಳ್ಳಿಯಿಂದ ನಿನಗ ಟ್ರಂಕ್ ಕಾಲ್ ಮಾಡತಾನ. ಕಡೀ ಸಲ ನಿನ್ನ ಜೋಡಿ ಮಾತಾಡಬೇಕಂತ ಹಟಾ ಹಿಡದಾನ. ಎಲ್ಲೂ ಹೋಗಬ್ಯಾಡ. ಫೋನಿನ ಬಾಜೂಕ ಇರು."

ಕೆಳಗೆ ಫೋನಿನ ದಿನದ ತಾರೀಖು ಹಾಕಿದ್ದರು. ಆ ಬುಧವಾರ ಇವತ್ತೇ.

ಕೈಗಡಿಯಾರವನ್ನು ನಾನು ಯಾವತ್ತೂ ಊರ ವೇಳೆಗೇ ಬಿಟ್ಟಿರುತ್ತಿದ್ದೆ. ಅಲ್ಲಿಯ ವೇಳೆ ಬೇಕಾದಾಗ ಎರಡೂವರೆ ತಾಸು ಕಳೆಯುತ್ತಿದ್ದೆ. ನೋಡಿದರೆ ಮೂರು ಇಪ್ಪತ್ತಾರು.

ಓಡಿದೆ. ಗಟ್ಟಿ ಹಿಮದ ಮೇಲೆ ಎರಡು ಸಲ ಬಿದ್ದೆ, ಎರಡನೆಯ ಸಲ ಮೊಣಕಾಲು ಒಡೆಯಿತು. ನಮ್ಮ ಕಡೆಯ ಟ್ರಂಕ್ ಕಾಲ್ ಎಂದಾದರೂ ಹೇಳಿದ ಹೊತ್ತಿಗೆ ಸಿಕ್ಕಿದ್ದುಂಟೆ, ಒಂದು ತಾಸಾದರೂ ತಡವಾಗುತ್ತದೆ ಎಂದು ಧೈರ್ಯ ಹೇಳಿಕೊಳ್ಳುತ್ತ ಓಡಿದೆ. ಬಾಗಿಲು ದೂಡಿ ಒಳಗೆ ಬಂದಾಗ ಮುದುಕಿ ರಿಸೀವರನ್ನು ಕೆಳಗಿಟ್ಟು, ಕೈ ಅದರ ಮೇಲೇ ಇಟ್ಟುಕೊಂಡು ಕೂತಿದ್ದಳು.

ಫೋನು ಹೇಳಿದ ಹೊತ್ತಿಗೇ ಬಂದಿತ್ತು.

ಅವಳು ನಿಧಾನವಾಗಿ, ನನಗೆ ತಿಳಿಯಲಿ ಎಂದು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದಳು. ಇಂಡಿಯಾದಿಂದ ಒಬ್ಬ ಗಂಡಸು. ಮೆಟ್ಟಿಲವರೆಗೆ ಹೋಗಿ ನಿನ್ನನ್ನು ಕೂಗಿದೆ, ನೀನಿರಲಿಲ್ಲ. ನಿನ್ನ ಭಾಷೆ ನನಗೆ ಬರುವುದಿಲ್ಲ ಎಂದು ಅವನಿಗೆ ಹೇಳಿದೆ. ಅವನಿಗೆ ನನ್ನದು ಬರಲಿಲ್ಲ. ಆದರೂ ಮಾತಾಡಿದ, ಲೈನು ಕಡಿಯುವವರೆಗೆ ಮಾತಾಡಿದ. ಗೊಗ್ಗರು ದನಿ, ಆದರೆ ಒಳ್ಳೆಯ ದನಿ. ನಾನು ಇಡಲಿಲ್ಲ, ಕೇಳುತ್ತ ಕೂತೆ.

"ಏನು ಹೇಳಿದ?"

ಅವಳಿಗೆ ನೆನಪಿದ್ದದ್ದು ಒಂದೇ ಶಬ್ದ. ತುಟಿ ಕೂಡಿಸಿ, ಎಚ್ಚರಿಕೆಯಿಂದ, "ತಮ್ಮಾ" ಎಂದಳು. ಆಮೇಲೆ ಡ್ರಾಯರಿನಿಂದ ಒಣಗಿದ ಅಂಚೆಚೀಟಿ ತೆಗೆದು, ಕೇಳದೆ ತೆಗೆದುಕೊಂಡೆ, ನೀನು ಹೊರಗೆ ಹೋಗುವಾಗಲೇ ಹೇಳಬೇಕೆಂದಿದ್ದೆ, ಕ್ಷಮಿಸು ಎಂದು ನನ್ನ ಅಂಗೈಯಲ್ಲಿ ಇಟ್ಟಳು. ಅವಳ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ರೇಗಬೇಕಾದದ್ದು ನನ್ನ ಮೇಲೆ ಎಂದು ಗೊತ್ತಿತ್ತು. ಆ ನಗರದ ದೊಡ್ಡ ಟೆಲಿಫೋನ್ ಕಚೇರಿಗೆ ಓಡಿದೆ. ಹುಬ್ಬಳ್ಳಿಗೆ ಲೈನು ಸಿಗಲು ಎರಡು ದಿನ ಎಂದರು. ಗುರುವಾರ ಬೆಳಿಗ್ಗೆ ಅಪ್ಪನ ಗಂಟಲು ಕೊಯ್ದರು.

ಅವನು ಆಮೇಲೂ ಬಹಳ ವರ್ಷ ಬದುಕಿದ. ಯಾಕೆ ಫೋನಿಗೆ ಸಿಗಲಿಲ್ಲ ಎಂದು ಕೇಳಿದಾಗ ಪರೀಕ್ಷೆ ಇತ್ತು ಎಂದು ಬರೆದು ತಪ್ಪಿಸಿಕೊಂಡಿದ್ದೆ. ಓದು ಮುಗಿಸಿ ಊರಿಗೆ ಬಂದ ವಾರದಲ್ಲಿ, ಕಟ್ಟೆಯ ಮೇಲೆ ಅವನ ಪಕ್ಕ ಕೂತು, ಬೇವಿನ ಗಿಡ ನೋಡುತ್ತ ಎಲ್ಲವನ್ನೂ ಹೇಳಿದೆ. ಹರಿದ ಮೂಲೆ, ಕಿಟಕಿಯ ಸಂದಿ, ಉದ್ಯಾನದ ಗಿಡ. ಅವನು ಕೇಳಿ, ಕೊರಳಿಗೆ ಜೋತುಬಿದ್ದ ಪಾಟಿಯ ಮೇಲೆ ಬಳಪದಿಂದ ಬರೆದ: "ನನ್ನ ಸಾಯಿಸಿ ಪಾಸಾದಿ ಅನ್ನು."

"ಆಕಿ ಮುಂದ ಏನ್ ಮಾತಾಡಿದೆಪ್ಪಾ, ಅಷ್ಟೊತ್ತು?" ಎಂದು ಕೇಳಿದೆ.

ಅಂಗೈಯಿಂದ ಪಾಟಿ ಒರೆಸಿದ. ಆಮೇಲೆ ಬರೆದು ನನ್ನ ಕಡೆ ತಿರುಗಿಸಿದ.

"ನಿನಗ ಹೇಳೂದೆಲ್ಲಾ ಆಕಿಗಿ ಹೇಳೀನಿ. ಆಕೀನ್ನ ಕೇಳು."

ಅವನು ನಗುತ್ತಿದ್ದ. ಭುಜ ಎರಡೂ ಅಲುಗುತ್ತಿದ್ದವು, ಕಣ್ಣಲ್ಲಿ ನೀರು ಬಂದಿತ್ತು, ಸದ್ದು ಮಾತ್ರ ಇರಲಿಲ್ಲ.