ಅಪೊಲೋನಿಯಾ ಬಾಯಿಯ ಪಾಲು

ಅಪೊಲೋನಿಯಾ ಬಾಯಿಯ ವಿಷಯ ಕೇಳುತ್ತೀರಲ್ಲ, ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರು ಮಾಡಲು ನನ್ನಿಂದ ಆಗುವುದಿಲ್ಲ.

ಬನ್ನಂಜೆಯ ಆಚೆ ಸಿಸ್ಟರುಗಳು ನಡೆಸುವ ಆಶ್ರಮದಲ್ಲಿ ನಾನು ಆಯಾ. ಕಣ್ಣು ಕಾಣದವರು, ಕೈಕಾಲು ಬಾರದವರು, ಹಾಸಿಗೆ ಹಿಡಿದ ಮುದುಕಿಯರು, ಎಲ್ಲ ಸೇರಿ ಇಪ್ಪತ್ತೆರಡು ಜನ. ಅಪೊಲೋನಿಯಾ ಬಾಯಿ ಶಂಕರಪುರದಿಂದ ಬಂದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಎಂಟು ವರ್ಷದ ಹುಡುಗಿಯಾಗಿದ್ದಾಗ ಸಿಡುಬು ಎರಡೂ ಕಣ್ಣು ತೆಗೆದಿತ್ತು. ಆದರೆ ಎಂತ ಕೈ ಮಾರಾಯ್ರೆ! ಐವತ್ತು ವರ್ಷ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟಿದವರು. ಬಾಳೆನಾರು ಕೈಗೆ ಸಿಕ್ಕಿದರೆ ಕಣ್ಣಿದ್ದವರೂ ಅವರ ಮುಂದೆ ಸೋಲಬೇಕು. ತಮ್ಮನ ಹೆಂಡತಿ ತೀರಿಹೋದ ಮೇಲೆ ಒಮ್ಮೆ, ತಮ್ಮನೂ ಗದ್ದೆಗೆ ಹೋಗಿದ್ದಾಗ, ಒಲೆಯ ಬೆಂಕಿ ಬಾಯಿಯ ಸೀರೆಗೆ ಹತ್ತಿತು. ಮೂರು ತಿಂಗಳು ಮಣಿಪಾಲದ ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ನೇರ ನಮ್ಮಲ್ಲಿಗೆ ಬಂದರು.

ತಂದು ಬಿಟ್ಟವರು ಆ ತಮ್ಮ, ಜೋಕಿಮ್ ಪೊರ್ಬುಗಳು. ನಾವು ತುಳುವರು ಕ್ರಿಸ್ತರ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಅಕ್ಕ ತಮ್ಮನ ಅಂಗಿಯ ತುದಿ ಹಿಡಿದುಕೊಂಡಿದ್ದರು. ಆತ ಬೆರಳು ಒಂದೊಂದೇ ಬಿಡಿಸಿ ಗೇಟು ದಾಟಿದ. ಅವತ್ತಿನಿಂದ ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕ್ರಿಸ್ತರಿಗೆ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು, ಹೊಸ ಅಕ್ಕಿಯ ನಾಲ್ಕು ಕಾಳು ಪಾಯಸಕ್ಕೆ ಹಾಕಿ ಮನೆಯವರೆಲ್ಲ ತಿನ್ನಬೇಕು. ಅದಕ್ಕೆ ನೊವೆಂ ಎನ್ನುತ್ತಾರೆ. ದೂರ ಇದ್ದವರಿಗೂ ಪಾಲು ಉಂಟು. ಮನೆಯ ಪಾಲು ತಿನ್ನದೆ ಆ ವರ್ಷದ ಹೊಸ ಅಕ್ಕಿ ಮುಟ್ಟುವುದಿಲ್ಲ ಎಂಬುದು ಬಾಯಿಯ ಹಟ. ಮೂರು ವರ್ಷ ತಮ್ಮನೇ ಬಸ್ಸಿನಲ್ಲಿ ತೆನೆ ತಂದುಕೊಟ್ಟ. ಬಾಯಿ ಅದನ್ನು ಕೆನ್ನೆಗೆ ಒತ್ತಿಕೊಂಡು, "ನೋಡು ಸುಗಂಧಿ, ನನ್ನನ್ನು ಮನೆಯಿಂದ ತೆಗೆದಿಲ್ಲ" ಎನ್ನುತ್ತಿದ್ದರು.

ಎಂಬತ್ತೊಂದರಲ್ಲಿ ಆತ ಬರಲಿಲ್ಲ. ಹಬ್ಬದ ದಿನ ಬೆಳಗ್ಗಿನಿಂದ ಬಾಯಿ ಗೇಟಿನ ಹತ್ತಿರ ಸ್ಟೂಲು ಹಾಕಿಸಿಕೊಂಡು ಕೂತರು. ಮರುದಿನವೂ ಕೂತರು. ಸುಮ್ಮನಿರಲಾಗದ ಬೆರಳು ಸೆರಗಿನ ಅಂಚಿಗೆ ಗಂಟು ಹಾಕುತ್ತಿತ್ತು, ಬಿಚ್ಚುತ್ತಿತ್ತು.

ಮೂರನೆಯ ದಿನ ಅಂಚೆಯವ ಒಂದು ಲಕೋಟೆ ಕೊಟ್ಟ. ಬಾಯಿಯ ಹೆಸರು, ಶಂಕರಪುರದ ಮೊಹರು. ಕಾಗದ ಒಡೆದು ಓದಿ ಹೇಳಬೇಕಾದವರು ಸಿಸ್ಟರ್ ಗ್ಲ್ಯಾಡಿಸ್. ಅವರು ಯಾರನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನನಗೆ ತಡೆಯಲಾಗಲಿಲ್ಲ, ಅಡುಗೆಮನೆಯ ಹಿಂದೆ ನಿಂತು ಒಡೆದೆ. ಮಡಚಿದ ಕಾಗದ, ಒಳಗೆ ಒಂದು ಅಕ್ಷರ ಇಲ್ಲ! ಎರಡೂ ಬದಿ ತಿರುಗಿಸಿ ನೋಡಿದೆ. ಖಾಲಿ. ಮಡಿಕೆಯಿಂದ ನಾಲ್ಕೈದು ಅಕ್ಕಿಕಾಳು ಉದುರಿದವು. ಲಕೋಟೆಗೆ ಅನ್ನ ಮೆತ್ತಿ ಅಂಟಿಸುತ್ತಾರಲ್ಲ, ಅದರದ್ದೇ ಒಣಗಿ ಬಿದ್ದದ್ದು ಎಂದುಕೊಂಡು ಕಾಗದ ಕೊಡವಿದೆ. ಕೋಳಿಗಳು ಬಂದು ಹೆಕ್ಕಿದವು. ಕುರುಡಿ ಅಕ್ಕನಿಗೆ ಖಾಲಿ ಕಾಗದ ಕಳಿಸಿ ತಮಾಷೆ ಮಾಡುತ್ತಾನಾ ಪಾಪಿ ಎಂದು ಮೈಯೆಲ್ಲ ಉರಿದುಹೋಯಿತು. ಕಾಗದವನ್ನು ಒಲೆಗೆ ಹಾಕಿದೆ. ಬಾಯಿಗೆ ಹೇಳಲಿಲ್ಲ. ಯಾಕೆ ನೋಯಿಸುವುದು, ಅಲ್ವಾ?

ಅಕ್ಟೋಬರಿನಲ್ಲಿ ಆಶ್ರಮಕ್ಕೆ ಹೊಸ ಅಕ್ಕಿ ಬಂತು. ಬಾಯಿ ಬಟ್ಟಲು ದೂರ ತಳ್ಳಿದರು. ಸಿಸ್ಟರ್ ಗದರಿಸಿದರು, ನಾನು ಕಾಲು ಹಿಡಿಯುವುದೊಂದು ಬಾಕಿ. ಹಳೆ ಅಕ್ಕಿ ತಂದು ಬೇರೆ ಗಂಜಿ ಬೇಯಿಸಿಕೊಟ್ಟರೂ ಎರಡು ಚಮಚಕ್ಕೆ ಸಾಕೆಂದರು.

"ಒಂದು ವರ್ಷ ಮರೆತಿರಬಹುದು ಬಾಯಿ."

"ನೊವೆಂ ಮರೆಯಲಿಕ್ಕಿಲ್ಲ ಮಗಾ. ನಮ್ಮ ಮನೆಯಲ್ಲಿ ಸತ್ತವರಿಗೆ ಮಾತ್ರ ಪಾಲು ಇಡುವುದಿಲ್ಲ."

ಮತ್ತೆ ಅವರು ಗೇಟಿನ ಹತ್ತಿರ ಹೋಗಲಿಲ್ಲ. ಸೆರಗಿನ ಮೇಲೆ ಬೆರಳು ಆಡುವುದೂ ನಿಂತಿತು. ಡಿಸೆಂಬರಿನಲ್ಲಿ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟರು. ಡಾಕ್ಟರು ಏನು ಬೇಕಾದರೂ ಬರೆಯಲಿ, ನನಗೆ ಗೊತ್ತುಂಟು ಅವರು ಯಾವುದರಿಂದ ಹೋದರೆಂದು.

ಮಣ್ಣು ಮಾಡುವ ದಿನ ಜೋಕಿಮ್ ಪೊರ್ಬುಗಳು ಬಂದರು. ಎರಡು ಕಂಕುಳಿಗೂ ಕೋಲು. ಆ ಕೋಲೂ ನನ್ನ ಕಣ್ಣಿಗೆ ಕಾಣಲಿಲ್ಲ, ಅಷ್ಟು ಸಿಟ್ಟು. ಗೇಟಿನಲ್ಲೇ ಹಿಡಿದು, "ಈಗ ದಾರಿ ಗೊತ್ತಾಯಿತಾ ಪೊರ್ಬುಗಳೇ? ಹಬ್ಬಕ್ಕೆ ಬರಲು ನಿಮಗೇನು ದೊಡ್ಡ ರೋಗ ಬಂದಿತ್ತು?" ಎಂದು ಜನರ ಎದುರೇ ಕೇಳಿದೆ.

ಆತ ಕೋಲಿನ ಮೇಲೆ ಭಾರ ಬಿಟ್ಟು ನಿಂತರು. "ಆಗಸ್ಟಿನಲ್ಲಿ ಗದ್ದೆಯ ಹುಣಿಯ ಮೇಲೆ ನಡೆಯುವಾಗ ಜಾರಿ ಬಿದ್ದು ಸೊಂಟ ಮುರಿಯಿತಮ್ಮ. ಹಾಸಿಗೆಯಲ್ಲಿದ್ದೆ. ಅದಕ್ಕೇ ಹಬ್ಬದ ತೆನೆಯಿಂದ ಐದು ಕಾಳು ಸುಲಿದು ಕಾಗದದಲ್ಲಿ ಮಡಚಿ, ಪಕ್ಕದ ಮನೆಯ ಹುಡುಗನಿಂದ ವಿಳಾಸ ಮಾತ್ರ ಬರೆಸಿ ಅಂಚೆಗೆ ಹಾಕಿಸಿದೆ. ಬೊಂಬಾಯಿಯಲ್ಲಿ ಇರುವವರಿಗೆಲ್ಲ ಹಾಗೆಯೇ ಕಳಿಸುವುದು. ನನಗೆ ಬರೆಯಲು ಬರುವುದಿಲ್ಲ, ಅಕ್ಕನಿಗೆ ಓದಲು ಆಗುವುದಿಲ್ಲ. ಬೆರಳಿಗೆ ಸಿಕ್ಕಿದರೆ ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡೆ." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಸಿಕ್ಕಿತಲ್ಲ, ಅಮ್ಮ?"

ಅಯ್ಯೋ ದೇವರೇ. ಆ ಕಾಗದವನ್ನು ಹಾಗೆಯೇ ಬಾಯಿಯ ಕೈಗೆ ಇಟ್ಟಿದ್ದರೆ ಸಾಕಿತ್ತು. ಐವತ್ತು ವರ್ಷ ಮೊಗ್ಗು ಗುರುತಿಸಿದ ಬೆರಳಿಗೆ ಐದು ಅಕ್ಕಿ ತಿಳಿಯದೇ?

"ಸಿಕ್ಕಿತು ಪೊರ್ಬುಗಳೇ," ಎಂದೆ. "ನಾನೇ ಪಾಯಸಕ್ಕೆ ಹಾಕಿ ಕೊಟ್ಟೆ. ತಿಂದರು."

"ತಿಂದಳಲ್ಲ, ಅಷ್ಟು ಸಾಕು," ಎಂದು ಅವರು ಕಣ್ಣೊರೆಸಿಕೊಂಡರು. ನನ್ನ ತಲೆಯ ಮೇಲೆ ಕೈ ಇಟ್ಟು, ದೇವರು ನಿನ್ನನ್ನು ಚೆನ್ನಾಗಿ ಇಡಲಿ ಎಂದರು.