ಗೀರು ಬಿದ್ದ ಸೆಲ್ಲುಗಳು

ಹಿರೇಹಡಗಲಿಯ ಬಸ್ ನಿಲ್ದಾಣದ ಹಿಂದೆ ಹುಲುಗೇಶನ ತಗಡಿನ ಶೆಡ್ಡು ಇದೆ. ಕೆಟ್ಟು ನಿಂತ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೇರೆ ಬ್ಯಾಟರಿ ಕೂರಿಸಿ ಓಡಿಸುವುದು ಅವನ ಕಸುಬು. ಕೆಲವು ವರ್ಷಗಳ ಹಿಂದೆ ಯಾವುದೋ ಕಂಪನಿ ಈ ಸೀಮೆಗೆ ಬಂದು, ಪೆಟ್ರೋಲಿನ ಗೋಜೇ ಇಲ್ಲವೆಂದು ಊರೂರಿಗೆ ಗಾಡಿ ಮಾರಿ, ಬ್ಯಾಟರಿಗಳು ಕೈಕೊಡುವ ಹೊತ್ತಿಗೆ ಶೋರೂಮಿಗೆ ಬೀಗ ಜಡಿದು ಹೋಗಿತ್ತು. ಗಾಡಿಗಳು ದನದ ಕೊಟ್ಟಿಗೆ ಸೇರಿದವು. ಸೀಟಿನ ಮೇಲೆ ಕೋಳಿಗಳು ಮಲಗತೊಡಗಿದವು. ಹುಲುಗೇಶ ಅಂಥವನ್ನು ತಾನೇ ಹುಡುಕಿಕೊಂಡು ಹೋಗಿ, ಮಾರಬೇಡಿ, ಇದರಲ್ಲಿನ್ನೂ ಜೀವವಿದೆ ಎನ್ನುತ್ತಿದ್ದ. ಶೆಡ್ಡಿಗೆ ಬೋರ್ಡು ಇರಲಿಲ್ಲ; ಅವನ ಮಾತೇ ಬೋರ್ಡು. ಗಾಡಿಯನ್ನು ಗುಜರಿಗೆ ಹಾಕಲು ಹೊರಟಿದ್ದ ನರ್ಸ್ ಯಶೋಧರಾಳನ್ನೂ ಹೀಗೇ ಒಪ್ಪಿಸಿದ್ದ.

ಹೊಸ ಬ್ಯಾಟರಿ ಬರುತ್ತಿದ್ದುದು ಹರಪನಹಳ್ಳಿಯ ಮೈಲಾರೇಶನ ಅಂಗಡಿಯಿಂದ. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಬೆಳೆದವರು, ಒಂದೇ ಬುತ್ತಿ ಉಂಡವರು. ಹುಲುಗೇಶ ಗಾಡಿಗಳ ಬ್ಯಾಟರಿಯಿಂದ ಕಿತ್ತ ಹಳೇ ಸೆಲ್ಲುಗಳಿಗೆ ಲೋಡ್ ಮೀಟರ್ ಹಚ್ಚಿ ನೋಡಿ, ದಮ್ಮಿಲ್ಲದವುಗಳ ಮೈಮೇಲೆ ಮೊಳೆಯಿಂದ ಕತ್ತರಿಗೀರು ಎಳೆದು, ಗುಜರಿಗೆಂದು ಮೈಲಾರೇಶನಿಗೇ ಕಳಿಸುತ್ತಿದ್ದ. ಅತ್ತಲಿಂದ ಬಂದ ಹೊಸ ಬ್ಯಾಟರಿ ಪೆಟ್ಟಿಗೆಗಳಿಗೆ ಮಾತ್ರ ಒಮ್ಮೆಯೂ ಮೀಟರ್ ಹಚ್ಚಲಿಲ್ಲ. ಹಚ್ಚುವುದಾದರೂ ಹೇಗೆ? ವ್ಯಾಪಾರ ಶುರುವಾದ ದಿನ ಮೈಲಾರೇಶ ಮೈಲಾರಲಿಂಗನ ಗುಡಿಯಲ್ಲಿ ಭಂಡಾರ ಮುಟ್ಟಿ, ಹೊಸ ಸೆಲ್ಲು ಬಿಟ್ಟು ಬೇರೆ ಹಾಕುವುದಿಲ್ಲವೆಂದು ಆಣೆ ಮಾಡಿದ್ದ. ಈ ಸೀಮೆಯ ಜನ ಕಾಗದಪತ್ರ ನಂಬದಿದ್ದರೂ ಆ ಅರಿಶಿನದ ಪುಡಿ ನಂಬುತ್ತಾರೆ. ಭಂಡಾರ ಮುಟ್ಟಿದವನ ಮಾಲನ್ನು ಪರೀಕ್ಷಿಸಿದರೆ ದೇವರನ್ನೇ ಸಂಶಯಿಸಿದಂತೆ.

ಯಶೋಧರಾಳ ಗಾಡಿ ಮಳೆಗಾಲ ಮುಗಿಯುವವರೆಗೆ ಓಡಿತು. ಆಮೇಲೊಂದು ದಿನ, ಮಕ್ಕಳ ಲಸಿಕೆಯ ಡಬ್ಬಿ ಹೊತ್ತು ಹಳ್ಳಿಗೆ ಹೊರಟಾಗ, ಎರೆಹೊಲಗಳ ನಡುವೆ ನಿಂತುಬಿಟ್ಟಿತು. ಉರಿಬಿಸಿಲು, ಆ ದಾರಿಗೆ ಬಸ್ಸಿಲ್ಲ. ಗಾಡಿ ನೂಕಿಕೊಂಡು ಹಳ್ಳಿ ಸೇರುವಷ್ಟರಲ್ಲಿ ಡಬ್ಬಿಯೊಳಗಿನ ಐಸು ಕರಗಿ ಲಸಿಕೆ ಕೆಟ್ಟಿತ್ತು. ಕಾದು ಕಾದು ಸಾಕಾದ ತಾಯಂದಿರು ಕೂಸುಗಳನ್ನೆತ್ತಿಕೊಂಡು ಮನೆಗೆ ಹೋಗಿದ್ದರು. ಮೇಲಿನವರಿಂದ ಬೈಸಿಕೊಂಡದ್ದು ಬೇರೆ.

ಬ್ಯಾಟರಿ ಕೈಕೊಟ್ಟಿತೆಂದು ಅವಳು ಗಾಡಿಯನ್ನು ಶೆಡ್ಡಿಗೆ ತಂದಾಗ ಹುಲುಗೇಶ ನಂಬಲಿಲ್ಲ. ಈ ಹೆಣ್ಣುಮಗಳಿಗೆ ಚಾರ್ಜ್ ಹಾಕಲು ಬರುವುದಿಲ್ಲವೇನೋ ಎಂದು ಮನಸ್ಸಿನಲ್ಲೇ ಗೊಣಗುತ್ತ ಪೆಟ್ಟಿಗೆ ಬಿಚ್ಚಿದ. ಒಂದು ಸೆಲ್ಲಿನ ಮೇಲಿನ ಹೊಳೆಯುವ ನೀಲಿ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದ. ಒಳಗೆ ಕತ್ತರಿಗೀರು. ಇನ್ನೊಂದು ಸೀಳಿದ, ಮತ್ತೊಂದು ಸೀಳಿದ. ಎಲ್ಲವೂ ಅವನದೇ ಕೈಯ ಗೀರುಗಳು. ಸತ್ತಿವೆಯೆಂದು ಗುರುತು ಹಾಕಿ ಕಳಿಸಿದವಕ್ಕೇ ಹೊಸ ಅಂಗಿ ತೊಡಿಸಿ ಗೆಳೆಯ ತಿರುಗಿ ಅವನಿಗೇ ಮಾರಿದ್ದ. ಉಂಡ ಮನೆಯ ಗಳ ಹಿರಿಯುವುದೆಂದರೆ ಇದೇ ಅಲ್ಲವೇ? ಹುಲುಗೇಶನಿಗೆ ಸಿಟ್ಟಿಗಿಂತ ಮೊದಲು ಅಳು ಬಂತು.

ಸಿಕ್ಕ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದ. ಮೈಲಾರೇಶ ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ, ಚಹಾ ತರಿಸಿದ. ಬೇರೆ ಮೆಕ್ಯಾನಿಕ್‌ಗಳಿಗೆಲ್ಲ ಹೊಸ ಸೆಲ್ಲೇ ಕೊಟ್ಟಿದ್ದೇನೆ ಎಂದ. ಹಾಗಾದರೆ ನನಗೇಕೆ ಹೀಗೆ ಮಾಡಿದೆ ಎಂದು ಹುಲುಗೇಶ ಕೇಳಿದ.

"ಅವ್ರು ಪೆಟಗಿ ಕೈಗೆ ಬಂದ ಕೂಡ್ಲೆ ಮೀಟರ್ ಹಚ್ಚತಾರಲೇ," ಎಂದ ಮೈಲಾರೇಶ. "ನೀ ಒಬ್ಬಾತ ಹಚ್ಚತಿದ್ದಿಲ್ಲ."

ಭಂಡಾರದ ಮಾತೆತ್ತಲು ಹುಲುಗೇಶನಿಗೇ ನಾಚಿಕೆಯಾಯಿತು. ಚಹಾ ಮುಟ್ಟದೆ ಎದ್ದು ಬಂದ. ಬರುವಾಗ ಬಸ್ಸಿನಲ್ಲಿ ಒಂದೇ ಸಮಾಧಾನ: ಮೋಸ ಮಾಡಿದವನು ತಾನಲ್ಲ, ಇದ್ದದ್ದು ಇದ್ದಹಾಗೆ ಹೇಳಿದರೆ ಯಶೋಧರಾ ತಿಳಿದುಕೊಳ್ಳುತ್ತಾಳೆ.

ಮರುದಿನ ಆಸ್ಪತ್ರೆಗೆ ಹೋಗಿ, ಗೆಳೆಯ ಮಾಡಿದ ದ್ರೋಹವನ್ನೆಲ್ಲ ಅವಳೆದುರು ತೋಡಿಕೊಂಡ. ಒಳ್ಳೆಯ ಬ್ಯಾಟರಿ ತಾನೇ ತಂದು ಹಾಕಿಕೊಡುವುದಾಗಿಯೂ ಹೇಳಿದ. ಅವಳು ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು.

"ನಿಮಗ ಹೋಗಿ ಕೇಳಾಕ ನಿಮ್ಮ ಗೆಳೆಯನಾದ್ರೂ ಅದಾನ," ಎಂದಳು. "ನಾ ನಂಬಿದ್ದು ನಿಮ್ಮನ್ನರಿ. ನಾ ಯಾರನ್ನ ಕೇಳ್ಲಿ?"